ಮಾಲ್ಟಾ ಸುತ್ತೋಕೆ ಡ್ರೈವರ್-ಗೈಡ್ ಬೇಕಾ, ಬಸ್ ಸಾಕಾ?

ಮಾಲ್ಟಾ ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ. ಈ ತುದಿಯಿಂದ ಆ ತುದಿಗೆ ಸುಮಾರು 27 ಕಿಲೋಮೀಟರ್ ಅಷ್ಟೇ. ರಾಜಧಾನಿ ವಲ್ಲೆಟ್ಟಾ, ಹಳೆಯ ಕೋಟೆಯೂರು ಮ್ದೀನಾ ಎರಡೇ ನೋಡುವುದಾದರೆ ಬಸ್ ಸಾಕು, ಸುಮ್ನೆ ದುಡ್ಡು ಕಳೆಯಬೇಡಿ. ವಲ್ಲೆಟ್ಟಾದ ಊರಬಾಗಿಲ ಹತ್ತಿರವೇ ಬಸ್ ನಿಲ್ದಾಣವಿದೆ.

ಆದರೆ ಒಂದೇ ದಿನದಲ್ಲಿ ಮಾರ್ಸಶ್ಲೋಕ್‌ನ ಬಣ್ಣದ ದೋಣಿಗಳು, ದಿಂಗ್ಲಿಯ ಕಡಿದಾದ ಬಂಡೆಗಳು, ಹಜಾರ್ ಇಮ್ ದೇವಾಲಯ ಎಲ್ಲವೂ ಬೇಕು, ಜೊತೆಗೆ ವಯಸ್ಸಾದ ಅಪ್ಪ ಅಮ್ಮನೂ ಇದ್ದಾರೆ ಅಂದರೆ ಬಸ್ ಬದಲಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಆಗ ಡ್ರೈವರ್-ಗೈಡ್ (ಕಾರು ಓಡಿಸುವುದರ ಜೊತೆಗೆ ಜಾಗಗಳ ಬಗ್ಗೆ ವಿವರಿಸುವವರು) ತಗೊಳ್ಳಿ, ಖರ್ಚು ಜಾಸ್ತಿಯಾದರೂ ಪರವಾಗಿಲ್ಲ. ನಾಲ್ಕು ಜನ ಹಂಚಿಕೊಂಡರೆ ಅಷ್ಟೇನೂ ಭಾರವಾಗದು. ಹಜಾರ್ ಇಮ್ 5000 ವರ್ಷಕ್ಕೂ ಹಳೆಯದು. ಹೇಳುವವರಿಲ್ಲದೆ ಹೋದರೆ ಬರೀ ಕಲ್ಲು ಕಾಣುತ್ತದೆ. ಪಕ್ಕದ ಮ್ನಾಯ್ದ್ರಾ ದೇವಾಲಯದಲ್ಲಿ ಹಗಲು ರಾತ್ರಿ ಸಮವಾಗುವ ದಿನ ಸೂರ್ಯನ ಮೊದಲ ಬೆಳಕು ನೇರ ಬಾಗಿಲಿನಿಂದ ಒಳಗೆ ಬೀಳುತ್ತದೆ, ಅದನ್ನು ನಿಂತು ವಿವರಿಸುವವರು ಬೇಕೇ ಬೇಕು ಅಲ್ವಾ?

ಬಾಡಿಗೆ ಕಾರು? ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಆದರೆ ಹಳೆಯ ಊರುಗಳ ಗಲ್ಲಿ ಕಿರಿದು, ಪಾರ್ಕಿಂಗ್ ಕಷ್ಟ. ಪಕ್ಕದ ದ್ವೀಪ ಗೋಜೋಗೆ ಫೆರಿಯಲ್ಲಿ ಸುಮಾರು 25 ನಿಮಿಷ, ಕಾರೂ ಅದರಲ್ಲೇ ಹೋಗುತ್ತದೆ.

ಬುಕ್ ಮಾಡುವ ಮೊದಲು ಒಂದು ಮಾತು ಕೇಳಿ: ಬರುವವರು ಬರೀ ಡ್ರೈವರಾ, ಇಲ್ಲ ಪರವಾನಗಿ ಇರುವ ಗೈಡಾ?