ಆಮೆಗೆ ಕಟಲ್‌ಬೋನ್: ಮುಂಭಾಗಕ್ಕೆ ಪೂರ್ತಿ ಅಂಕ, ಹಿಂಭಾಗಕ್ಕೆ ಸೊನ್ನೆ

ಆಮೆಗೆ ಕ್ಯಾಲ್ಸಿಯಂ ಕೊಡಲು ಮೊದಲು ಪುಡಿ ಬಳಸುತ್ತಿದ್ದೆ. ಈಗ ಎಷ್ಟೋ ವರ್ಷಗಳಿಂದ ಕಟಲ್‌ಬೋನ್ ಮಾತ್ರ, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಮೈಯೊಳಗಿನ ಚಿಪ್ಪು. ಪುಡಿಯ ಕಷ್ಟ ಬಳಸಿದವರಿಗೇ ಗೊತ್ತು. ಒಣ ಎಲೆಗೆ ಅಂಟುವುದಿಲ್ಲ, ಒದ್ದೆ ಎಲೆಯ ಮೇಲೆ ಉಂಡೆ ಕಟ್ಟುತ್ತದೆ. ನಮ್ಮದು ಹರ್ಮನ್ ಜಾತಿಯ ಹೆಣ್ಣಾಮೆ, ಮೂಗು ಬಲು ಚುರುಕು. ಚೂರು ಜಾಸ್ತಿ ಉದುರಿಸಿದರೂ ತಟ್ಟೆ ಮೂಸಿ ನೋಡಿ ಹೊರಟೇಬಿಡುತ್ತಾಳೆ. ಕೊನೆಗೆ ಹೊಟ್ಟೆಗೆ ಎಷ್ಟು ಹೋಯಿತು, ತಟ್ಟೆಯಲ್ಲಿ ಎಷ್ಟು ಉಳಿಯಿತು, ಯಾವುದೂ ತಿಳಿಯುವುದಿಲ್ಲ.

ಕಟಲ್‌ಬೋನ್‌ನಲ್ಲಿ ಆ ಲೆಕ್ಕ ನನ್ನದಲ್ಲ, ಅವಳದ್ದು. ನೀರಿನ ತಟ್ಟೆಯಿಂದ ದೂರ, ಒಂದು ಒಣ ಮೂಲೆಯಲ್ಲಿ ಇಟ್ಟುಬಿಡುತ್ತೇನೆ, ಅಷ್ಟೇ. ವಾರಗಟ್ಟಲೆ ಅದರ ಕಡೆ ತಿರುಗಿಯೂ ನೋಡದೆ ಓಡಾಡುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ, ಮೈ ಬೆಚ್ಚಗಾದ ಮೇಲೆ, ಸೀದಾ ಅಲ್ಲಿಗೇ ನಡೆಯುತ್ತಾಳೆ. ಮುಂಗಾಲಿನಿಂದ ಒತ್ತಿ ಹಿಡಿದು, ಕತ್ತು ಓರೆ ಮಾಡಿ, ಅಂಚಿಗೆ ಬಾಯಿ ಹಾಕುತ್ತಾಳೆ. ಕರಕರ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಮುಗಿಸಿ ಬಂದಾಗ ಬಾಯಿಯ ಸುತ್ತ ಬಿಳಿ ಪುಡಿ, ತುಂಡಿನ ಮೇಲೆ ಸಾಲಾಗಿ ಕೊಕ್ಕಿನ ಗುರುತು. ಮೊಟ್ಟೆ ಇಡುವ ಕಾಲ ಹತ್ತಿರ ಬಂದರಂತೂ ದಿನಾ ಇದೇ ಕೆಲಸ. ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಬೇಕಲ್ಲ, ಊಟದಲ್ಲಿ ಸಿಗದಿದ್ದರೆ ಅವಳ ಮೂಳೆಯಿಂದಲೇ ಹೋಗಬೇಕು. ಕಡಿದೂ ಕಡಿದೂ ಕೊಕ್ಕು ಸವೆಯುವುದು ಇನ್ನೊಂದು ಲಾಭ.

ಕಟಲ್‌ಬೋನ್ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಫಾಸ್ಫರಸ್ ತೀರಾ ಕಡಿಮೆ. ಆಮೆಯ ಊಟದಲ್ಲಿ ಫಾಸ್ಫರಸ್‌ಗಿಂತ ಎರಡು ಪಟ್ಟಾದರೂ ಕ್ಯಾಲ್ಸಿಯಂ ಇರಬೇಕು ಎಂಬ ಲೆಕ್ಕಕ್ಕೆ ಇದು ಸರಿಹೋಗುತ್ತದೆ. ಮೂಳೆ ಪುಡಿ ನಾನು ತರುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಜೊತೆಗೇ ಫಾಸ್ಫರಸ್ಸೂ ಧಾರಾಳವಾಗಿರುತ್ತದೆ.

ಇಲ್ಲಿಯವರೆಗೆ ಬರೀ ಹೊಗಳಿಕೆ ಆಯಿತು. ಈಗ ಹಿಂಭಾಗದ ಕಥೆ ಕೇಳಿ.

ಕಟಲ್‌ಬೋನ್‌ನ ಒಂದು ಬದಿ ಸೀಮೆಸುಣ್ಣದ ಹಾಗೆ ಮೆತ್ತಗೆ, ಉಗುರು ತಾಗಿದರೆ ಉದುರುತ್ತದೆ. ಇನ್ನೊಂದು ಬದಿಗೆ ಗಟ್ಟಿ ಪದರ ಅಂಟಿಕೊಂಡಿರುತ್ತದೆ. ಅದು ಪುಡಿಯಾಗುವುದಿಲ್ಲ, ಚೂಪಾದ ಚಕ್ಕೆಗಳಾಗಿ ಒಡೆಯುತ್ತದೆ. ಹಕ್ಕಿಗೆ ಪರವಾಗಿಲ್ಲ. ಪಂಜರದ ಸರಳಿಗೆ ಕಟ್ಟಿದ್ದನ್ನು ಅದು ಎದುರಿನಿಂದ ಕುಟುಕುತ್ತದೆ. ಆಮೆ ಕಚ್ಚುವುದು ಅಂಚನ್ನು, ಎರಡೂ ಪದರ ಒಟ್ಟಿಗೇ ಬಾಯಿಗೆ ಬರುತ್ತವೆ. ಆದರೂ ನಾನು ಕೊಂಡ ಒಂದು ಪ್ಯಾಕಿನ ಮೇಲೂ ಈ ಪದರ ತೆಗೆಯಿರಿ ಎಂಬ ಒಂದು ಸಾಲು ಕಂಡಿಲ್ಲ. ಹಕ್ಕಿ, ಆಮೆ ಎರಡಕ್ಕೂ ಆಗುತ್ತದೆ ಎಂದು ಚಿತ್ರ ಹಾಕಲು ಮಾತ್ರ ಜಾಗ ಇರುತ್ತದೆ!

ಆ ಕೆಲಸ ನಾವೇ ಮಾಡಬೇಕು. ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಅಂಚಿನಿಂದ ಚಾಕುವಿನ ತುದಿ ತೂರಿಸಿ ಎಬ್ಬಿಸುತ್ತೇನೆ. ಅದೃಷ್ಟವಿದ್ದರೆ ದೊಡ್ಡ ಹೋಳು ಬರುತ್ತದೆ. ಇಲ್ಲದಿದ್ದರೆ ಉಗುರಿನಷ್ಟು ಉಗುರಿನಷ್ಟೇ ಕೀಳುತ್ತಾ ಕೂರಬೇಕು, ಬೆರಳು ಉರಿಯುತ್ತದೆ. ಆಮೇಲೆ ಪೂರ್ತಿ ಒಣಗಿಸದಿದ್ದರೆ ವಾಸನೆ. ಸುಮ್ನೆ ಒಂದು ತುಂಡು ಇಟ್ಟರೆ ಮುಗಿಯಿತು ಎನ್ನುವವರು ಈ ಅರ್ಧ ಗಂಟೆಯನ್ನು ಎಲ್ಲೂ ಹೇಳುವುದಿಲ್ಲ. ಬಣ್ಣ, ಪರಿಮಳ ಹಾಕಿದ್ದು ಬೇಡವೇ ಬೇಡ. ಪ್ಲಾಸ್ಟರ್ ಸೇರಿಸಿ ಅಚ್ಚು ಹಾಕಿದ ಕ್ಯಾಲ್ಸಿಯಂ ಬ್ಲಾಕ್‌ಗಳು ಬರುತ್ತವೆ, ಅವು ಕರುಳಲ್ಲಿ ಕಟ್ಟಿಕೊಳ್ಳುವ ಭಯ ಇದೆ. ಗೂಡಿನ ತಳಕ್ಕೆ ಹಾಸುವ ಕ್ಯಾಲ್ಸಿಯಂ ಮರಳಿನದೂ ಅದೇ ಹಾಡು.

ಇನ್ನೊಂದು ಮಾತು. ಕಟಲ್‌ಬೋನ್ ಇಟ್ಟ ಮೇಲೂ ಆಮೆಯ ಚಿಪ್ಪು ಮೆತ್ತಗಿದೆ ಎಂದು ಬೈಯುವವರು ಮೊದಲು ಅದಕ್ಕೆ ಹಾಕಿದ ದೀಪ ನೋಡಲಿ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಅದು ಮೈಯಲ್ಲಿ ತಯಾರಾಗಲು ಯುವಿಬಿ ಬೆಳಕು ಬೇಕು, ಅಂದರೆ ಬಿಸಿಲಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಸುಮಾರು 290ರಿಂದ 315 ನ್ಯಾನೋಮೀಟರಿನದು. ಕಿಟಕಿ ಗಾಜು ಅದನ್ನು ತಡೆದುಬಿಡುತ್ತದೆ. ಹಳೆಯ ಯುವಿಬಿ ಟ್ಯೂಬ್ ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಒಳಗಿನ ಕಸುವು ಇಳಿದಿರುತ್ತದೆ. ಹಾಗಂತ ಡಿ3 ಬೆರೆಸಿದ ಪುಡಿಯನ್ನು ಸುರಿಯಬಾರದು, ಅದು ಜಾಸ್ತಿಯಾದರೆ ಮೂತ್ರಪಿಂಡದಲ್ಲೇ ಕ್ಯಾಲ್ಸಿಯಂ ಕೂರುತ್ತದೆ. ದಿನಾ ಬಿಸಿಲಿಗೆ ಬರುವ ಆಮೆಗೆ ನಾನು ಅದನ್ನು ಮುಟ್ಟುವುದಿಲ್ಲ.

ಸೊಪ್ಪಿನ ಜಾಗವನ್ನಂತೂ ಯಾವ ತುಂಡೂ ತುಂಬುವುದಿಲ್ಲ. 100 ಗ್ರಾಂ ದಂಡೇಲಿಯನ್ ಎಲೆಯಲ್ಲಿ ಸುಮಾರು 187 ಮಿಲಿಗ್ರಾಂ ಕ್ಯಾಲ್ಸಿಯಂ, 66 ಮಿಲಿಗ್ರಾಂ ಫಾಸ್ಫರಸ್. ಸೌತೆಕಾಯಿಯಲ್ಲಿ 16ಕ್ಕೆ 24, ಪೂರಾ ಉಲ್ಟಾ. ಪಾಪಾಸುಕಳ್ಳಿ, ದಾಸವಾಳದ ಎಲೆ ಒಳ್ಳೆಯವು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಪರೂಪಕ್ಕೆ ಸಾಕು.

ನನ್ನ ಅಂಕ ಐದಕ್ಕೆ ನಾಲ್ಕು, ದೊಡ್ಡ ಆಮೆ ಇರುವವರಿಗೆ. ಒಂದು ತುಂಡು ತಿಂಗಳುಗಟ್ಟಲೆ ಬರುವುದರಿಂದ ಖರ್ಚು ಕಡಿಮೆಯೇ. ಮರಿ ಆಮೆ ಇದ್ದರೆ ತುಂಡು ಇಟ್ಟು ಕಾಯಬೇಡಿ, ಎಳೆ ಬಾಯಿಗೆ ಕಡಿಯಲು ಬಾರದಿರಬಹುದು. ಮೆತ್ತನೆ ಬದಿಯನ್ನು ಚಾಕುವಿನಿಂದ ಕೆರೆದು ಎಲೆಯ ಮೇಲೆ ಒಂದು ಚಿಟಿಕೆ ಉದುರಿಸಿ. ಹೌದು, ಮತ್ತೆ ಪುಡಿಯ ಗೋಳೇ.