3 ವರ್ಷ ಬಳಸಿದ ಇನ್ವರ್ಟರ್ ವೆಲ್ಡಿಂಗ್ ಮಷೀನ್: ಮಷೀನ್ ಚಿನ್ನ, ಜೊತೆಗೆ ಕೊಟ್ಟ ಕ್ಲ್ಯಾಂಪ್ ಕಸ

ಮೊದಲು ಬೆಂಚಿನ ವಿಷಯ ಹೇಳಿಬಿಡುತ್ತೇನೆ. ಮಷೀನ್ ತಂದ ಆರನೇ ತಿಂಗಳಿಗೆ, ನಾನೇ ಮಾಡಿದ್ದ ಬೆಂಚಿನ ಒಂದು ಕಾಲು ಬೆಸುಗೆಯಲ್ಲೇ ಬಿಟ್ಟುಕೊಂಡಿತು. ಪುಣ್ಯಕ್ಕೆ ಆಗ ಯಾರೂ ಅದರ ಮೇಲೆ ಕೂತಿರಲಿಲ್ಲ, ಜರುಗಿಸುವಾಗ ಆಗಿದ್ದು. ಬಿಟ್ಟ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲಿನಿಂದ ಬೆಸುಗೆ ಚೆನ್ನಾಗಿಯೇ ಕಾಣುತ್ತಿತ್ತು. ಒಳಗೆ ಮಾತ್ರ ಪೈಪಿನ ಅಂಚು ಕತ್ತರಿಸಿದ ದಿನ ಹೇಗಿತ್ತೋ ಹಾಗೇ ಇತ್ತು. ಗ್ರೈಂಡರ್ ಎಳೆದ ಗೀರು ಕೂಡ ಅಳಿಸಿರಲಿಲ್ಲ. ನಡುವೆ ಅಲ್ಲಲ್ಲಿ ಕಪ್ಪು ಗಾಜಿನಂಥ ಸ್ಲ್ಯಾಗ್ (ರಾಡಿನ ಲೇಪ ಕರಗಿ ಗಟ್ಟಿಯಾದ ಪದರ) ಸಿಕ್ಕಿಕೊಂಡಿತ್ತು. ಅಂದರೆ ಲೋಹಕ್ಕೆ ಲೋಹ ಕೂಡಿರಲೇ ಇಲ್ಲ, ಸುಮ್ನೆ ಮೇಲೆ ಕೂತಿತ್ತು.

ಒಂದು ವಾರ ಮನಸ್ಸೇ ಸರಿ ಇರಲಿಲ್ಲ. ನನ್ನ ಕೈ ಪಳಗಿಲ್ಲ ಅಂತ ತೀರ್ಮಾನ ಮಾಡಿಕೊಂಡೆ. ಕೈಯ ತಪ್ಪು ಸ್ವಲ್ಪ ಇತ್ತು ನಿಜ. ಆದರೆ ದೊಡ್ಡ ತಪ್ಪು ಇದ್ದದ್ದು ಮಷೀನ್ ಜೊತೆ ಡಬ್ಬದಲ್ಲೇ ಬಂದಿದ್ದ, ಬೆಸುಗೆ ಹಾಕುವ ಲೋಹಕ್ಕೆ ಕಚ್ಚಿಸಿ ಕರೆಂಟನ್ನು ಮಷೀನಿಗೆ ವಾಪಸ್ ತರುವ ಅರ್ತ್ ಕ್ಲ್ಯಾಂಪ್‌ನಲ್ಲಿ. ಅದನ್ನು ಕಂಡುಹಿಡಿಯಲು ನನಗೆ 8 ತಿಂಗಳು ಬೇಕಾಯಿತು. ಬೇರೆಯವರಿಗೆ ಅಷ್ಟು ದಿನ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮಷೀನ್ 200 ಆಂಪ್ಸ್‌ನ ಸಣ್ಣ ಇನ್ವರ್ಟರ್. ಉಳಿದ ವಿವರ ಡಬ್ಬದ ಮೇಲೆ ಓದಿರುತ್ತೀರಿ. ನನ್ನ ಬಳಕೆ ವಾರದ ಕೊನೆಗೆ, ಅದೂ ಮನೆಗೆ ಬೇಕಾದ ಸಾಮಾನು ಮಾಡಲು. 10ರಲ್ಲಿ 9 ಸಲ 2.5 ಎಂಎಂನ 6013 ರಾಡ್ (ಸಾಮಾನ್ಯ ಕಬ್ಬಿಣಕ್ಕೆ ಬಳಸುವ, ತಾನೇ ಕರಗಿ ಬೆಸುಗೆಯಾಗುವ ಕಡ್ಡಿ). 110 ಆಂಪ್ಸ್ ದಾಟಿದ್ದೇ ಅಪರೂಪ. ರಾಡ್ ಬದಲು ತಂತಿ ಮತ್ತು ಗ್ಯಾಸ್ ಬಳಸುವ ಮಿಗ್ ಮಷೀನ್, ಅದರ ಗ್ಯಾಸ್ ಸಿಲಿಂಡರ್ ನನ್ನ ಬಜೆಟ್‌ಗೆ ಹೊಂದುವ ಮಾತಲ್ಲ. ಇದೊಂದನ್ನೇ ತಿಂಗಳುಗಟ್ಟಲೆ ಹಣ ಕೂಡಿಟ್ಟು ತಂದಿದ್ದು. ಹಾಗಾಗಿ ನನ್ನ ಸಿಟ್ಟಿಗೂ ಪ್ರೀತಿಗೂ ಅದೇ ಅಳತೆ.

ತೊಂದರೆ ಹೇಗಿತ್ತು ಅಂದರೆ, ಮೊದಲ ಎರಡು ರಾಡ್ ಚೆನ್ನಾಗಿ ಓಡುತ್ತಿತ್ತು. ಮೂರನೇ ರಾಡ್‌ಗೆ ಆರ್ಕ್ (ರಾಡಿನ ತುದಿಗೂ ಲೋಹಕ್ಕೂ ನಡುವೆ ಉರಿಯುವ ಕಿಡಿ) ತಡವರಿಸಲು ಶುರು. ರಾಡ್ ತಾಗಿಸಿದರೆ ಅಂಟಿಕೊಳ್ಳುತ್ತಿತ್ತು, ಎತ್ತಿದರೆ ಆರಿಹೋಗುತ್ತಿತ್ತು. ನಾನು ಆಂಪ್ಸ್ ಏರಿಸುತ್ತಿದ್ದೆ. ಆಗ ಇದ್ದಕ್ಕಿದ್ದಂತೆ ಸರಿಹೋಗಿ ತೆಳು ಪೈಪ್ ತೂತು ಬೀಳುತ್ತಿತ್ತು. ಇಳಿಸಿದರೆ ಮತ್ತೆ ಅಂಟು. ರಾಡ್ ತೇವ ಹಿಡಿದಿದೆ ಅಂತ ಒಣಗಿಸಿದೆ. ಹೊಸ ಪ್ಯಾಕೆಟ್ ತಂದೆ. ಪೊಲಾರಿಟಿ, ಅಂದರೆ ಪ್ಲಸ್ ಮೈನಸ್ ಕೇಬಲ್, ಅದಲು ಬದಲು ಮಾಡಿ ನೋಡಿದೆ. ಯಾರನ್ನು ಕೇಳಿದರೂ ಒಂದೇ ಉತ್ತರ, ಪ್ರಾಕ್ಟೀಸ್ ಮಾಡಿ. ಮಾಡಿದೆ. ಗುಜರಿ ಪಟ್ಟಿಗಳ ಮೇಲೆ ಸಾಲು ಸಾಲಾಗಿ ಎಳೆದೆ. ಪ್ರತಿ ಸಲ ಆರ್ಕ್ ಆರಿದಾಗ ಸ್ಲ್ಯಾಗ್ ಕುಟ್ಟಿ ತೆಗೆಯದೆ ಅದರ ಮೇಲೇ ಮತ್ತೆ ಹಚ್ಚುತ್ತಿದ್ದೆ. ಬೆಂಚಿನ ಕಾಲಿನೊಳಗೆ ಸಿಕ್ಕಿದ್ದು ಅದೇ ಸ್ಲ್ಯಾಗ್. ಆ ತಪ್ಪು ನನ್ನದು.

ಒಂದು ಸಂಜೆ 6 ಎಂಎಂ ಪ್ಲೇಟ್ ಮೇಲೆ ಉದ್ದಕ್ಕೆ ಎಳೆಯುತ್ತಿದ್ದೆ. ಮಧ್ಯೆ ಗ್ಲೌಸ್ ತೆಗೆದು ಕ್ಲ್ಯಾಂಪ್ ಜಾಗ ಬದಲಿಸಲು ಹೋದೆ. ಚುರ್ ಅಂತ ಬೆರಳು ಸುಟ್ಟಿತು. ಕ್ಲ್ಯಾಂಪ್ ಇದ್ದದ್ದು ಬೆಸುಗೆಯಿಂದ ಅರ್ಧ ಮೀಟರ್ ದೂರ. ಅದರ ಪಕ್ಕದ ಪ್ಲೇಟ್ ತಣ್ಣಗಿತ್ತು. ರಾಡ್ ಹಿಡಿಯುವ ಹೋಲ್ಡರ್ ಬೆಚ್ಚಗಿತ್ತು ಅಷ್ಟೇ. ಹಾಗಾದರೆ ಆ ಬಿಸಿ ಪ್ಲೇಟ್‌ನಿಂದ ಬಂದದ್ದಲ್ಲ, ಕ್ಲ್ಯಾಂಪ್ ಒಳಗೇ ಹುಟ್ಟಿದ್ದು.

ಬಿಚ್ಚಿ ನೋಡಿದೆ. ಹಿತ್ತಾಳೆ ಅಂದುಕೊಂಡಿದ್ದು ಹಿತ್ತಾಳೆ ಅಲ್ಲ. ಆಯಸ್ಕಾಂತ ಇಟ್ಟರೆ ಟಕ್ ಅಂತ ಅಂಟಿತು. ತೆಳುವಾದ ಕಬ್ಬಿಣದ ತಗಡಿಗೆ ಬಣ್ಣದ ಲೇಪ. ಕೇಬಲ್ ಕೂತಿದ್ದದ್ದು ಒಂದು ದವಡೆಗೆ ಮಾತ್ರ. ಇನ್ನೊಂದು ದವಡೆಗೆ ಕರೆಂಟ್ ಹೋಗಬೇಕಾದರೆ ನಡುವಿನ ಸ್ಪ್ರಿಂಗ್ ಮತ್ತು ಪಿನ್ ಮೂಲಕವೇ ಹೋಗಬೇಕು. ಒಳ್ಳೆಯ ಕ್ಲ್ಯಾಂಪ್‌ಗಳಲ್ಲಿ ಎರಡು ದವಡೆಗಳ ಮಧ್ಯೆ ತಾಮ್ರದ ಹೆಣೆದ ಪಟ್ಟಿ ಇರುತ್ತದೆ, ಇದರಲ್ಲಿ ಅದೇ ಇಲ್ಲ. ಲಗ್ಗಿನ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಬೋಲ್ಟ್ ಬೆರಳಲ್ಲೇ ತಿರುಗುತ್ತಿತ್ತು. ಲಗ್ಗಿನೊಳಗೆ ಕೇಬಲ್ಲಿನ ಅರ್ಧ ಎಳೆ ಮಾತ್ರ ಸೇರಿಸಿ ಒತ್ತಿದ್ದರು, ಉಳಿದದ್ದು ಹೊರಗೆ ಮಡಚಿಕೊಂಡು ಕಪ್ಪಾಗಿತ್ತು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಹೊದಿಕೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು. ಕ್ಲ್ಯಾಂಪ್ ಜಾಯಿಂಟ್‌ನಲ್ಲಿ 0.02 ಓಮ್ ತಡೆ ಇದೆ ಅಂದುಕೊಳ್ಳಿ. ಮನೆಯ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಇಲ್ಲಿ ಹರಿಯುವುದು 100 ಆಂಪ್ಸ್. ಅಲ್ಲಿಗೆ 2 ವೋಲ್ಟ್ ಹೋಯಿತು, 200 ವ್ಯಾಟ್ ಬಿಸಿ ಆ ಪುಟ್ಟ ಜಾಯಿಂಟ್‌ನಲ್ಲೇ ಹುಟ್ಟಿತು. 25 ವ್ಯಾಟ್‌ನ 8 ಸೋಲ್ಡರಿಂಗ್ ಐರನ್‌ಗಳನ್ನು ಒಟ್ಟಿಗೆ ಹಿಡಿದ ಹಾಗೆ. ಆರ್ಕ್ ಉರಿಯಲು ಬೇಕಾಗುವುದೇ 20ರಿಂದ 25 ವೋಲ್ಟ್. ತಡೆ ಒಂದೇ ಸಮ ಇದ್ದಿದ್ದರೆ ಇನ್ವರ್ಟರ್ ತಾನೇ ಹೊಂದಿಸಿಕೊಂಡು ಕರೆಂಟ್ ಕಾಯ್ದುಕೊಳ್ಳುತ್ತದೆ. ಆದರೆ ಸಡಿಲ ಜಾಯಿಂಟ್ ಒಂದೇ ಸಮ ಇರುವುದಿಲ್ಲ ಅಲ್ವಾ? ಬಿಸಿಯಾದಷ್ಟೂ ಸ್ಪ್ರಿಂಗ್ ಮೆತ್ತಗಾಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ, ಮುಖ ಕಪ್ಪಾಗುತ್ತದೆ, ಮತ್ತೆ ಬಿಸಿ ಜಾಸ್ತಿ. ಮೂರನೇ ರಾಡ್‌ಗೇ ಯಾಕೆ ಕೈಕೊಡುತ್ತಿತ್ತು ಅನ್ನುವುದು ಆಗ ಅರ್ಥವಾಯಿತು.

ನನಗೆ ಈಗಲೂ ಸಿಟ್ಟು ಬರುವುದು ಇಲ್ಲೇ. ಇಷ್ಟು ಒಳ್ಳೆಯ ಮಷೀನ್ ಮಾಡುವವರಿಗೆ ಇಂಥ ಕ್ಲ್ಯಾಂಪ್ ಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿಲ್ಲದೆ ಇರುತ್ತದಾ? ಹೊಸದಾಗಿ ಕಲಿಯುವವನಿಗೆ ತಪ್ಪು ತನ್ನ ಕೈಯದ್ದೋ ಸಾಮಾನಿನದ್ದೋ ಅಂತ ಗೊತ್ತಾಗುವ ದಾರಿಯೇ ಇರುವುದಿಲ್ಲ. ಎಷ್ಟೋ ಜನ ಇದು ನಮ್ಮ ಕೈಲಾಗದ ಕೆಲಸ ಅಂತ ಮಷೀನನ್ನು ಮೂಲೆಗೆ ತಳ್ಳಿರುತ್ತಾರೆ. ನಾನೂ ಹೆಚ್ಚು ಕಡಿಮೆ ಅಲ್ಲಿಗೇ ಬಂದಿದ್ದೆ.

ಎರಕ ಹೊಯ್ದ ಗಟ್ಟಿ ಹಿತ್ತಾಳೆಯ ಕ್ಲ್ಯಾಂಪ್ ತಂದೆ. 25 ಚದರ ಎಂಎಂನ ಪೂರ್ತಿ ತಾಮ್ರದ ಕೇಬಲ್ 3 ಮೀಟರ್. ಲಗ್ಗನ್ನು ಸುತ್ತಿಗೆಯಲ್ಲಿ ಕುಟ್ಟದೆ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿದೆ. ಮಷೀನ್ ಬೆಲೆಯ ಮುಂದೆ ಇದರ ಖರ್ಚು ತೀರಾ ಸಣ್ಣದು. ಅದೇ ಪ್ಲೇಟ್, ಅದೇ ಪ್ಯಾಕೆಟ್ಟಿನ ರಾಡ್, ಅದೇ 85 ಆಂಪ್ಸ್. ತಾಗಿಸಿದ ಕೂಡಲೇ ಹತ್ತಿಕೊಂಡಿತು. ಕೊನೆಯವರೆಗೂ ಒಂದೇ ಸದ್ದು. ಕಾದ ಎಣ್ಣೆಗೆ ಏನಾದರೂ ಹಾಕಿದಾಗ ಬರುವ ಚರಚರ ಸದ್ದಿನ ಹಾಗೆ, ಎಲ್ಲೂ ಪಟ್ ಅಂತ ಒಡೆಯದೆ. ಹೆಲ್ಮೆಟ್ ಎತ್ತಿ ಕಾಯುತ್ತಾ ನಿಂತೆ. ಸ್ಲ್ಯಾಗ್ ತಣ್ಣಗಾಗುತ್ತಾ ಟಿಕ್ ಟಿಕ್ ಅಂತ ಬಿರಿದು, ಒಂದು ತುದಿಯಿಂದ ತಾನೇ ಸುರುಳಿಯಾಗಿ ಎದ್ದು ಬಂತು. ಸುತ್ತಿಗೆ ಮುಟ್ಟಿಸಿರಲಿಲ್ಲ. ಕೆಳಗೆ ಸಣ್ಣ ಸಣ್ಣ ಅಲೆ, ಎಲ್ಲಾ ಒಂದೇ ಅಳತೆ. 8 ತಿಂಗಳಲ್ಲಿ ಮೊದಲ ಸಲ ಅದನ್ನು ನೋಡಿದ್ದು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಅಲ್ಲಿಂದ ಮುಂದೆ ಈ ಮಷೀನ್ ಬಗ್ಗೆ ಹೇಳಲು ಒಳ್ಳೆಯದೇ ಜಾಸ್ತಿ. ಭುಜಕ್ಕೆ ಹಾಕಿಕೊಂಡು ಮಹಡಿ ಹತ್ತಬಹುದು, 5 ಕೆಜಿ ಅಷ್ಟೇ. ಹಳೆಯ ಟ್ರಾನ್ಸ್‌ಫಾರ್ಮರ್ ಮಷೀನ್‌ಗಳನ್ನು ಎತ್ತಲು ಇಬ್ಬರು ಬೇಕು. ಇದರೊಳಗೆ ಐಜಿಬಿಟಿ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುವುದರಿಂದ ಟ್ರಾನ್ಸ್‌ಫಾರ್ಮರ್ ಅಂಗೈಯಷ್ಟಿದ್ದರೂ ಸಾಕಾಗುತ್ತದೆ. ರಾಡ್ ಅಂಟಿದರೆ ಕರೆಂಟ್ ತಾನೇ ಇಳಿಯುತ್ತದೆ, ತಿರುಗಿಸಿ ಕಿತ್ತರೆ ಬಂದುಬಿಡುತ್ತದೆ. ಡ್ಯೂಟಿ ಸೈಕಲ್ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. 60 ಪರ್ಸೆಂಟ್ ಅಂದರೆ 10 ನಿಮಿಷದಲ್ಲಿ 6 ನಿಮಿಷ ಒಂದೇ ಸಮ ಎಳೆಯಬಹುದು ಅಂತ. ಮನೆ ಕೆಲಸದಲ್ಲಿ ಅಷ್ಟು ಹೊತ್ತು ಯಾರು ಎಳೆಯುತ್ತಾರೆ? ಅಳೆಯುವುದು, ಕತ್ತರಿಸುವುದು, ಅರೆಯುವುದು, ಇದರಲ್ಲೇ ಗಂಟೆ ಹೋಗುತ್ತದೆ. 3 ವರ್ಷದಲ್ಲಿ ಬಿಸಿಯ ದೀಪ ಹತ್ತಿದ್ದು ಎರಡೇ ಸಲ. ಎರಡೂ ಸಲ ಸುಡುಬಿಸಿಲಲ್ಲಿ ಇಟ್ಟಿದ್ದೆ.

ಒಂದು ಎಚ್ಚರಿಕೆ. ಮಷೀನ್ ಪಕ್ಕ ಗ್ರೈಂಡರ್ ಹಿಡಿಯಬೇಡಿ. ಫ್ಯಾನ್ ಆ ಕಬ್ಬಿಣದ ಪುಡಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಅದು ಕರೆಂಟ್ ಹರಿಯುವ ಪುಡಿ. ನಾನು ಗ್ರೈಂಡಿಂಗ್ ಅಂಗಳದ ಆ ಕಡೆಗೆ ಇಟ್ಟುಕೊಂಡಿದ್ದೇನೆ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಗಾಳಿ ಊದಿ ಧೂಳು ತೆಗೆಯುತ್ತೇನೆ.

ಈಗ ಕೆಲಸಕ್ಕೆ ಕೂರುವ ಮುಂಚೆ ಒಂದು ಪದ್ಧತಿ ಆಗಿಹೋಗಿದೆ. ಮೊದಲು ಕ್ಲ್ಯಾಂಪ್ ಕೂರುವ ಜಾಗ. ಎರಡು ಬೆರಳಗಲ ಬಣ್ಣ, ತುಕ್ಕು, ಕಬ್ಬಿಣದ ಮೇಲಿನ ಕಪ್ಪು ಪದರ ಎಲ್ಲಾ ಅರೆದು ಬೆಳ್ಳಗೆ ಮಾಡುತ್ತೇನೆ. ಕ್ಲ್ಯಾಂಪಿನ ದವಡೆಗೆ ವೈರ್ ಬ್ರಷ್‌ನಲ್ಲಿ ನಾಲ್ಕು ಉಜ್ಜು. ಕಚ್ಚಿಸಿದ ಮೇಲೆ ಎಡಕ್ಕೆ ಬಲಕ್ಕೆ ಒಮ್ಮೆ ಅಲ್ಲಾಡಿಸಿ ಹಲ್ಲು ಕೂರಿಸುತ್ತೇನೆ. ಮಷೀನ್ ಕಡೆಯ ಎರಡೂ ಕನೆಕ್ಟರ್ ತೂರಿಸಿ ಬಲಕ್ಕೆ ಗಟ್ಟಿಯಾಗಿ ತಿರುಗಿಸುತ್ತೇನೆ. ಅರ್ಧಕ್ಕೆ ನಿಂತರೆ ಅಲ್ಲೇ ಸುಟ್ಟುಹೋಗುತ್ತದೆ. ಎಕ್ಸ್‌ಟೆನ್ಶನ್ ವೈರ್ ಪೂರ್ತಿ ಬಿಚ್ಚಿ ಹರಡುತ್ತೇನೆ, ಸುತ್ತಿಟ್ಟರೆ ಬಿಸಿಯಾಗುತ್ತದೆ. ಆಮೇಲೆ ಗುಜರಿ ತುಂಡಿನ ಮೇಲೆ ಬೆರಳುದ್ದ ಒಂದು ಎಳೆತ. ಕಣ್ಣಿಗಿಂತ ಕಿವಿಗೆ ಕೆಲಸ. ಸದ್ದು ಸರಿ ಇದ್ದರೆ ಶುರು. ಮೂರು ರಾಡ್ ಆದ ಮೇಲೆ ಕೈಯ ಹಿಂಭಾಗವನ್ನು ಕ್ಲ್ಯಾಂಪ್ ಹತ್ತಿರ ಒಯ್ದು ನೋಡುತ್ತೇನೆ. ಬೆಚ್ಚಗಿದ್ದರೆ ಪರವಾಗಿಲ್ಲ. ಬಿಸಿ ಹೊಡೆದರೆ ನಿಲ್ಲಿಸಿ ಮತ್ತೆ ಉಜ್ಜು. ಈ ಇಷ್ಟಕ್ಕೆ 5 ನಿಮಿಷ ಹಿಡಿಯುತ್ತದೆ. ಆ 5 ನಿಮಿಷ ನನಗೆ ತುಂಬಾ ಇಷ್ಟ.

ಕ್ಲ್ಯಾಂಪನ್ನು ಎಲ್ಲಿ ಕಚ್ಚಿಸುತ್ತೀರಿ ಅನ್ನುವುದೂ ಮುಖ್ಯ. ಗೇಟಿಗೆ ಒಂದು ಪಟ್ಟಿ ಹಾಕುವಾಗ ಕ್ಲ್ಯಾಂಪನ್ನು ಕಂಬಕ್ಕೆ ಹಾಕಿದ್ದೆ, ಬೆಸುಗೆ ಬಾಗಿಲಿಗೆ. ಅಷ್ಟೂ ಕರೆಂಟ್ ಹಿಂಜಿನ ಪಿನ್ ಮೂಲಕ ಹರಿಯಿತು. ಪಿನ್ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದು ಗೇಟ್ ಕರಕರ ಅನ್ನಲು ಶುರುವಾಯಿತು, ಕೊನೆಗೆ ಪಿನ್ ಬದಲಿಸಬೇಕಾಯಿತು. ಬೇರಿಂಗ್ ಇರುವ ಯಾವುದಕ್ಕೂ ಇದೇ ಮಾತು. ಬೆಸುಗೆ ಹಾಕುವ ತುಂಡಿಗೇ, ಹತ್ತಿರದಲ್ಲೇ ಕಚ್ಚಿಸಿ. ಇನ್ನೊಂದು, ಹೆಸರು ಅರ್ತ್ ಕ್ಲ್ಯಾಂಪ್ ಆದರೂ ಇದು ಶಾಕ್ ತಡೆಯುವ ಅರ್ತ್ ಅಲ್ಲ. ಕರೆಂಟ್ ಮಷೀನ್‌ಗೆ ವಾಪಸ್ ಹೋಗುವ ದಾರಿ ಅಷ್ಟೇ. ಮಷೀನ್ ಮೈಗೆ ಬೇಕಾದ ಅರ್ತ್ ಪ್ಲಗ್ಗಿನ ಮೂರನೇ ಪಿನ್‌ನಲ್ಲಿ ಬರಬೇಕು, ಅದು ಬೇರೆ.

ಇಷ್ಟರಲ್ಲಿ ಏನೇನು ಮಾಡಿದೆ ಅಂದರೆ, 40 ಎಂಎಂ ಸ್ಕ್ವೇರ್ ಪೈಪಿನ ಕೆಲಸದ ಮೇಜು, ಎರಡು ಬುಕ್ ರ‍್ಯಾಕ್, ಸೈಕಲ್ ಸ್ಟ್ಯಾಂಡ್, ಕುಂಡ ಇಡುವ ಮೆಟ್ಟಿಲು ಸ್ಟ್ಯಾಂಡ್. ಮೇಜು ನನ್ನ ಹೆಮ್ಮೆ. ನಾಲ್ಕು ಮೂಲೆಗೂ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ, ಎರಡು ಕರ್ಣಕ್ಕೂ ಟೇಪ್ ಹಿಡಿದರೆ 4 ಎಂಎಂ ವ್ಯತ್ಯಾಸ ಬಂತು. ಉದ್ದ ಇದ್ದ ಕರ್ಣದ ಮೂಲೆಗೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿದೆ. ಆಮೇಲೆ ಒಂದು ಮೂಲೆಯಲ್ಲಿ ಸ್ವಲ್ಪ, ಎದುರು ಮೂಲೆಯಲ್ಲಿ ಸ್ವಲ್ಪ. ಒಂದೇ ಕಡೆ ಪೂರ್ತಿ ಹಾಕಿದರೆ ತಣ್ಣಗಾಗುವಾಗ ಬೆಸುಗೆ ಕುಗ್ಗಿ ಇಡೀ ಚೌಕಟ್ಟನ್ನು ತನ್ನ ಕಡೆ ಎಳೆದುಬಿಡುತ್ತದೆ.

ಕುಂಡದ ಸ್ಟ್ಯಾಂಡ್‌ಗೆ ಜಿಐ ಪೈಪ್ ಬಳಸಿದ್ದೆ. ಜಾಯಿಂಟ್ ಬರುವ ಕಡೆ ಸತುವಿನ ಲೇಪವನ್ನು ಪೂರ್ತಿ ಅರೆದು ತೆಗೆದು, ಬಯಲಲ್ಲಿ, ಮಾಸ್ಕ್ ಹಾಕಿಕೊಂಡು ಮಾಡಿದೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗುವುದು ಸುಮಾರು 1500ಕ್ಕೆ. ಹಾಗಾಗಿ ಬಿಳಿ ಹೊಗೆ ಬಂದೇ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ತೀರ್ಪು ಕೇಳಿದರೆ, ಮಷೀನ್‌ಗೆ 5ಕ್ಕೆ 5, ಡಬ್ಬದಲ್ಲಿ ಬಂದ ಕ್ಲ್ಯಾಂಪ್ ಮತ್ತು ಕೇಬಲ್‌ಗೆ 5ಕ್ಕೆ 1. ಕೈಯಲ್ಲಿ ಹಣ ಕಮ್ಮಿ ಇದ್ದರೆ ದೊಡ್ಡ ಆಂಪ್ಸ್‌ನ ಮಾಡೆಲ್‌ಗೆ ಹೋಗಬೇಡಿ. ಒಂದು ಮೆಟ್ಟಿಲು ಕೆಳಗಿನದ್ದನ್ನೇ ತಂದು, ಉಳಿದದ್ದನ್ನು ಹಿತ್ತಾಳೆ ಕ್ಲ್ಯಾಂಪ್‌ಗೂ ತಾಮ್ರದ ಕೇಬಲ್‌ಗೂ ಹಾಕಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ.

ಬೆಂಚಿನ ಆ ಕಾಲನ್ನು ಮತ್ತೆ ಕೂರಿಸಿದ್ದೇನೆ. ಉಳಿದ ಮೂರು ಕಾಲಿನ ಬೆಸುಗೆಯನ್ನೂ ಅರೆದು ತೆಗೆದು ಹೊಸದಾಗಿ ಹಾಕಿದೆ, ಅವೂ ಅದೇ ಹಳೇ ಕ್ಲ್ಯಾಂಪ್ ಕಾಲದವು. ಮೊದಲ ಬುಕ್ ರ‍್ಯಾಕ್ ಕೂಡ ಆಗಿನದ್ದೇ, ಅದರ 16 ಜಾಯಿಂಟ್ ಬಾಕಿ ಇದೆ. ಪುಸ್ತಕ ಎಲ್ಲಾ ಕೆಳಗೆ ಇಳಿಸಿಟ್ಟಿದ್ದೇನೆ. ಈ ಭಾನುವಾರ ಶುರು.