ಜಿಂಪ್‌ನಲ್ಲಿ ಕೆಲಸ ಮಾಡೋರು ಈ ಆಂಟಿವೈರಸ್ ತಗೊಳ್ಳೋ ಮುಂಚೆ ಓದಿ

ಐದಕ್ಕೆ ಎರಡು ಸ್ಟಾರ್. ಕಂಪನಿ ಹೆಸರು ಬೇಡ, ಹೊಸ ಸಿಸ್ಟಮ್ ತಗೊಂಡಾಗ ಅಂಗಡಿಯವ್ರು ಜೊತೆಗೇ ಹಾಕ್ಕೊಡ್ತಾರಲ್ಲ, ವರ್ಷ ವರ್ಷ ರಿನ್ಯೂ ಮಾಡ್ಸೋದು, ಆ ಥರದ್ದು. ವೈರಸ್ ಹಿಡಿಯೋದ್ರಲ್ಲಿ ತಕರಾರಿಲ್ಲ, ಗಿರಾಕಿಗಳು ತರೋ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಶಾರ್ಟ್‌ಕಟ್ ವೈರಸ್ ಇದ್ರೆ ಹಿಡಿದು ಹಾಕುತ್ತೆ. ಆದ್ರೆ ನಮ್ದು ಡಿಟಿಪಿ ಸೆಂಟರ್, ಲಗ್ನಪತ್ರಿಕೆ, ಬ್ಯಾನರ್, ಹಳೇ ಫೋಟೋ ಸರಿಮಾಡೋದು ಎಲ್ಲಾ ಜಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ, ಅಲ್ಲಿ ಇದು ಕೊಡೋ ಕಾಟ ಅಷ್ಟಿಷ್ಟಲ್ಲ.

ಇದ್ರಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಒಂದಿದೆ, ಅಂದ್ರೆ ನಮ್ಮ ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ವೈರಸ್‌ನಿಂದ ಕಾಪಾಡೋದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಫೋಲ್ಡರ್‌ಗಳಲ್ಲಿ ತನಗೆ ಗುರ್ತಿಲ್ಲದ ಯಾವ ಪ್ರೋಗ್ರಾಮ್ ಫೈಲ್ ಬರೆಯೋಕೆ ಬಂದ್ರೂ ಬಿಡಲ್ಲ. ಬೇಕಾದ್ದೇ, ವಿಂಡೋಸ್ 10ರ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನಲ್ಲೂ 2017ರಿಂದ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಇಂಥದ್ದೇ ಇದೆ, ಆದ್ರೆ ಅದು ನಾವಾಗೇ ಆನ್ ಮಾಡೋವರೆಗೂ ಸುಮ್ನಿರುತ್ತೆ. ಇದು ಇನ್‌ಸ್ಟಾಲ್ ಆದಾಗಿಂದ್ಲೇ ಆನ್. ಅದೂ ಹೋಗ್ಲಿ, ನಾನು ತಡೆದೆ ಅಂತ ಒಂದು ಮಾತೂ ಹೇಳಲ್ಲ. ಫೈಲ್ ಸೇವ್ ಮಾಡೋಕೆ ಹೋದ್ರೆ ಸ್ಕ್ರೀನ್ ಮೇಲೆ ಬರೋದು ಜಿಂಪ್‌ನ ಪರ್ಮಿಷನ್ ಡಿನೈಡ್ ಮಾತ್ರ, ನೋಡಿದವ್ರು ಪಾಪ ಜಿಂಪ್ ಮೇಲೇ ಗೂಬೆ ಕೂರಿಸ್ತಾರೆ.

ಸಪೋರ್ಟ್‌ಗೆ ಫೋನ್ ಮಾಡಿದ್ರೆ ಜಿಂಪ್‌ನ ಅಲೋ ಲಿಸ್ಟ್‌ಗೆ (ತಡೀದೇ ಬಿಡ್ಬೇಕಾದ ಪ್ರೋಗ್ರಾಮ್‌ಗಳ ಪಟ್ಟಿಗೆ) ಸೇರಿಸಿ ಸಾರ್ ಅಂದ್ರು, ಸೇರಿಸಿದ್ವಿ, ಜಿಂಪ್‌ನ ಸ್ವಂತ ಫಾರ್ಮ್ಯಾಟ್ ಎಕ್ಸ್‌ಸಿಎಫ್ ಫೈಲ್ ಸೇವ್ ಆಯ್ತು, ಆ ಕಡೆ ಹುಡುಗಿ ಮನೆಯವ್ರು ಪ್ರೂಫ್ ವಾಟ್ಸಾಪ್ ಮಾಡಿ ಅಂತ ಕೂತಿದಾರೆ, ಪಿಎನ್‌ಜಿ ಎಕ್ಸ್‌ಪೋರ್ಟ್ ಕೊಟ್ರೆ ಮತ್ತೆ ಅದೇ ಪರ್ಮಿಷನ್ ಡಿನೈಡ್! ಸಪೋರ್ಟ್‌ನವ್ರಿಗೇ ಗೊತ್ತಿರಲಿಲ್ಲ ಯಾಕೆ ಅಂತ. ವಿಷ್ಯ ಏನಂದ್ರೆ ಎಕ್ಸ್‌ಸಿಎಫ್ ಜಿಂಪ್ ತಾನೇ ಬರೆಯುತ್ತೆ, ಆದ್ರೆ ಪಿಎನ್‌ಜಿ, ಜೆಪೆಗ್ ಬರೆಯೋದು ಅದ್ರ ಪ್ಲಗಿನ್‌ಗಳು, ಅಂದ್ರೆ ಜೊತೆಗೆ ಬರೋ ಸಣ್ಣ ಪ್ರೋಗ್ರಾಮ್‌ಗಳು, ಒಂದೊಂದೂ ಬೇರೆ ಬೇರೆ ಇಎಕ್ಸ್‌ಇ ಫೈಲು. ಆಂಟಿವೈರಸ್ ಲೆಕ್ಕದಲ್ಲಿ ಅವೆಲ್ಲ ಹೊರಗಿನವ್ರೇ. ಹಂಗಾಗಿ ಜಿಂಪ್ ಇರೋ ಜಾಗದಲ್ಲಿ ಲಿಬ್ ಫೋಲ್ಡರ್, ಅದ್ರೊಳಗೆ ಜಿಂಪ್, 2.0, ಪ್ಲಗ್-ಇನ್ಸ್, ಅಲ್ಲಿವರೆಗೂ ಹೋಗಿ ಫೈಲ್-ಪಿಎನ್‌ಜಿ, ಫೈಲ್-ಜೆಪೆಗ್ ಎರಡನ್ನೂ ಒಂದೊಂದಾಗಿ ಅಲೋ ಮಾಡ್ಬೇಕು. ಮಾಡಿದ್ಮೇಲೆ ಸರಿಹೋಯ್ತು.

ಇನ್ನೊಂದು, ಹೊಸದಾಗಿ ಹಾಕಿದ ಜಿಂಪ್ ಮೊದಲ ಸಲ ಓಪನ್ ಆಗುವಾಗ ಇರೋ ಪ್ಲಗಿನ್‌ಗಳನ್ನೆಲ್ಲ ಒಂದೊಂದಾಗಿ ಓಡಿಸಿ ವಿಚಾರಿಸ್ಕೊಳ್ಳುತ್ತೆ, ಈ ಆಂಟಿವೈರಸ್ ಪ್ರತಿಯೊಂದನ್ನೂ ಅಡ್ಡ ಹಾಕಿ ಸ್ಕ್ಯಾನ್ ಮಾಡುತ್ತೆ, ಹ್ಯಾಂಗ್ ಆಗಿದೆ ಅಂತ ಕ್ಲೋಸ್ ಮಾಡ್ಬೇಡಿ, ಕಾಯಿರಿ. ಮತ್ತೆ, ಸ್ಕ್ಯಾನ್ ಮಾಡ್ಬೇಡ ಅಂತ ಬಿಡಿಸೋ ಎಕ್ಸ್‌ಕ್ಲೂಷನ್ ಲಿಸ್ಟೇ ಬೇರೆ, ರ‍್ಯಾನ್ಸಮ್‌ವೇರ್ ಅಲೋ ಲಿಸ್ಟೇ ಬೇರೆ, ಒಂದ್ರಲ್ಲಿ ಹಾಕಿದ್ರೆ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ.

2025ರ ಮಾರ್ಚ್‌ನಲ್ಲಿ ಜಿಂಪ್ 3.0 ಬಂತಲ್ಲ, ಅದನ್ನ ಹಾಕ್ಕೊಂಡ್ರೆ ಪ್ಲಗಿನ್ ಫೋಲ್ಡರ್ 3.0 ಅಂತ ಬದಲಾಗುತ್ತೆ, ಅಲೋ ಮಾಡೋ ಕೆಲಸ ಮೊದ್ಲಿಂದ. ಕೆಲವ್ರು ಬೇಜಾರಾಗಿ ಪ್ರೊಟೆಕ್ಷನ್ನೇ ಆಫ್ ಮಾಡಿಡ್ತಾರೆ, ದಯವಿಟ್ಟು ಮಾಡ್ಬೇಡಿ, ನಮ್ಮಂಥ ಅಂಗಡಿಗೆ ದಿನಾ ಯಾರ್‌ಯಾರದೋ ಪೆನ್‌ಡ್ರೈವ್ ಬರುತ್ತೆ, ಗಿರಾಕಿಗಳ ಫೈಲೆಲ್ಲ ಲಾಕ್ ಆದ್ರೆ ಯಾರು ಜವಾಬ್ದಾರಿ?

ಕಂಪನಿಯವ್ರು ಓದಿದ್ರೆ ಕೇಳೋದಿಷ್ಟೇ, ತಡೆದಾಗ ಯಾವ ಪ್ರೋಗ್ರಾಮ್ ತಡೆದ್ರಿ ಅಂತ ಮೂಲೇಲಿ ಒಂದು ಮೆಸೇಜ್ ತೋರ್ಸಿ, ಅಲ್ಲೇ ಅಲೋ ಬಟನ್ ಕೊಡಿ. ಅದು ಬರೋವರೆಗೂ ಡಿಟಿಪಿ ಮಾಡೋರಿಗೆ ನಾನು ಇದನ್ನ ತಗೊಳ್ಳಿ ಅನ್ನಲ್ಲ.